ದೋಣಿಯನ್ನು ಬ್ಯಾಂಕಿಗೆ ಕಟ್ಟಿದ್ದು ಯಾಕೆ? ಹಲವು ಅರ್ಥದ ಇಂಗ್ಲಿಷ್ ಪದವನ್ನು ಬಿಡಿಸಿ ನೋಡುವ ಬಗೆ

ಉಡುಪಿಯ ನಮ್ಮ ಮನೆಯ ಜಗಲಿಗೆ ಸಂಜೆ ನಾಲ್ಕೈದು ಮಕ್ಕಳು ಇಂಗ್ಲಿಷ್ ಕಲಿಯಲು ಬರುತ್ತಾರೆ. ಎಲ್ಲರೂ ಕನ್ನಡ ಮಾಧ್ಯಮದವರು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಅವರಿಗೆ ಮೂರನೆಯದ್ದು, ಕೆಲವರಿಗೆ ನಾಲ್ಕನೆಯದ್ದು. ಹೋದ ಮಳೆಗಾಲದಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಓದುತ್ತಾ ಓದುತ್ತಾ ಒಂದು ವಾಕ್ಯದ ಹತ್ತಿರ ನಿಂತುಬಿಟ್ಟಳು. ಅಂಬಿಗ ದೋಣಿಯನ್ನು ತಂದು ಬ್ಯಾಂಕಿಗೆ ಕಟ್ಟಿದ ಅಂತ ಅದರಲ್ಲಿ ಬರೆದಿತ್ತು.

"ಟೀಚರ್, ದೋಣಿಯನ್ನು ಬೇಂಕಿಗೆ ತಕೊಂಡು ಹೋದದ್ದು ಯಾಕೆ? ಅಡವು ಇಡ್ಲಿಕ್ಕಾ?"

ಅವಳು ತುಂಬ ಸರಿಯಾಗಿಯೇ ಯೋಚಿಸಿದ್ದಳು. ಬ್ಯಾಂಕುಗಳ ಊರಿನಲ್ಲಿ ಹುಟ್ಟಿದ ಮಗು ಅಲ್ವಾ? 1906ನೇ ಇಸವಿ ಒಂದರಲ್ಲೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದರು, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕ್ ಆದದ್ದನ್ನು ಶುರು ಮಾಡಿದರು. ಆಮೇಲೆ 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇಲ್ಲಿ ಬ್ಯಾಂಕ್ ಅಂದರೆ ಹಣ ಇಡುವ ಜಾಗ ಅಂತ ಮಗುವಿಗೂ ಗೊತ್ತು.

ನಾನು ಆವತ್ತು "ಇಲ್ಲಿ ಬ್ಯಾಂಕ್ ಅಂದರೆ ನದಿಯ ದಡ" ಅಂದೆ. ಅವಳು ಪುಸ್ತಕದಲ್ಲಿ ಬರೆದುಕೊಂಡಳು: ಒಂದು, ಹಣ ಇಡುವ ಜಾಗ. ಎರಡು, ನದಿಯ ದಡ. ಅದನ್ನು ನೋಡಿ ನನಗೆ ಸಮಾಧಾನ ಆಗಲಿಲ್ಲ. ಹೀಗೆ ಅಂಕಿ ಹಾಕಿ ಬಾಯಿಪಾಠ ಮಾಡಿದ ಅರ್ಥ ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತದೆ. ಎರಡಕ್ಕೂ ಏನು ಸಂಬಂಧ ಅಂತ ಗೊತ್ತಾದರೆ ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಆ ರಾತ್ರಿ ನಿಘಂಟು ಹಿಡಿದು ಕೂತೆ. ಅಲ್ಲಿಂದ ಈಚೆಗೆ ಇಂಥ ಪದ ಸಿಕ್ಕಿದಾಗೆಲ್ಲ ಮಕ್ಕಳ ಜೊತೆ ಒಂದು ಕ್ರಮದಲ್ಲಿ ಹೋಗುತ್ತೇನೆ. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರಿಗೆ, ತಾವೇ ಇಂಗ್ಲಿಷ್ ಕಲಿಯುತ್ತಿರುವವರಿಗೆ ಉಪಯೋಗ ಆಗಲಿ ಅಂತ ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಅದೇ ಬ್ಯಾಂಕ್ ಪದವನ್ನೇ ಇಟ್ಟುಕೊಳ್ಳೋಣ.

ನಿಘಂಟು ಮುಚ್ಚಿಡಿ, ಮೊದಲು ವಾಕ್ಯ ಕೂಡಿಸಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ವಾರ ಆ ಪದ ಎಲ್ಲೆಲ್ಲಿ ಕಾಣಿಸುತ್ತದೋ, ಕೇಳಿಸುತ್ತದೋ ಬರೆಯುತ್ತಾ ಹೋಗಿ. ಪದ ಮಾತ್ರ ಬರೆದರೆ ಸಾಲದು, ಇಡೀ ವಾಕ್ಯ ಬೇಕು. ಅಕ್ಕಪಕ್ಕದ ಪದ ಇಲ್ಲದಿದ್ದರೆ ಅರ್ಥವೂ ಇಲ್ಲ.

ನಮ್ಮ ಜಗಲಿಯ ಪಟ್ಟಿಯಲ್ಲಿ ಒಂದು ವಾರಕ್ಕೆ ಇಷ್ಟು ಸೇರಿತು. ಹಣದ ಬ್ಯಾಂಕ್. ನದಿಯ ಬ್ಯಾಂಕ್. ಭೂಗೋಳದ ಪುಸ್ತಕದಿಂದ ಸ್ಯಾಂಡ್ ಬ್ಯಾಂಕ್. ಹವಾಮಾನದ ಸುದ್ದಿಯಿಂದ ಫಾಗ್ ಬ್ಯಾಂಕ್. ಆಸ್ಪತ್ರೆಯ ಬೋರ್ಡಿನಿಂದ ಬ್ಲಡ್ ಬ್ಯಾಂಕ್. ಚುನಾವಣೆಯ ಸುದ್ದಿಯಿಂದ ವೋಟ್ ಬ್ಯಾಂಕ್. ಅಣ್ಣ ಐಟಿಐ ಓದುತ್ತಿರುವ ಹುಡುಗ ತಂದದ್ದು ಎ ಬ್ಯಾಂಕ್ ಆಫ್ ಸ್ವಿಚಸ್. ಇನ್ನೊಬ್ಬ ಕತೆ ಪುಸ್ತಕದಿಂದ ಎರಡು ತಂದ: ವಿಮಾನ ಎಡಕ್ಕೆ ಬ್ಯಾಂಕ್ ಆಯಿತು, ಮುದುಕಿ ಮಲಗುವ ಮೊದಲು ಬೆಂಕಿಯನ್ನು ಬ್ಯಾಂಕ್ ಮಾಡಿದಳು. ಕೊನೆಗೆ ಯು ಕ್ಯಾನ್ ಬ್ಯಾಂಕ್ ಆನ್ ಮೀ.

ಹತ್ತು ವಾಕ್ಯ, ಒಂದೇ ಪದ. ಇಷ್ಟು ಕೂಡಿಸುವ ಹೊತ್ತಿಗೆ ಮಕ್ಕಳಿಗೆ ಕುತೂಹಲ ಹುಟ್ಟಿರುತ್ತದೆ. ಮೊದಲೇ ನಿಘಂಟು ತೆರೆದರೆ ಅದು ಹುಟ್ಟುವುದಿಲ್ಲ.

ಒಂದೊಂದನ್ನೂ ನಿಮ್ಮ ಮನೆಮಾತಿನಲ್ಲಿ ಹೇಳಿ

ಎರಡನೇ ಹೆಜ್ಜೆ ನನಗೆ ತುಂಬ ಇಷ್ಟ. ಪ್ರತಿ ವಾಕ್ಯವನ್ನೂ ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಹೇಳಿ ನೋಡಿ. ಒಂದೇ ಕನ್ನಡ ಪದ ಎರಡು ವಾಕ್ಯಕ್ಕೆ ಹೊಂದಿದರೆ ಅವೆರಡನ್ನು ಒಟ್ಟಿಗೆ ಇಡಿ. ಬೇರೆ ಪದ ಬೇಕಾದರೆ ಬೇರೆ ಗುಂಪು ಮಾಡಿ.

ನದಿಯ ಬ್ಯಾಂಕಿಗೆ ದಡ ಅಂದೆವು, ತುಳುವಿನ ಮಕ್ಕಳು ಕರೆ ಅಂದರು. ಸ್ಯಾಂಡ್ ಬ್ಯಾಂಕಿಗೆ ಮರಳ ದಿಬ್ಬ. ಮಂಜು ದಿಬ್ಬದ ಹಾಗೆ ಗುಡ್ಡೆಯಾಗಿ ನಿಂತರೆ ಫಾಗ್ ಬ್ಯಾಂಕ್. ಈ ಮೂರೂ ಎತ್ತರವಾಗಿ ರಾಶಿ ಬಿದ್ದ ವಸ್ತುಗಳೇ. ಹಾಗಾಗಿ ಒಂದೇ ಗುಂಪು.

ಬೆಂಕಿಯ ವಾಕ್ಯಕ್ಕೆ ಪೇಟೆಯ ಮಕ್ಕಳು ಸುಮ್ಮನಾದರು. ಹಳ್ಳಿ ಕಡೆಯಿಂದ ಬರುವ ಹುಡುಗ ಮಾತ್ರ ಕೂಡಲೇ ಹೇಳಿದ. ಅವನ ಅಜ್ಜಿ ರಾತ್ರಿ ಬಚ್ಚಲ ಒಲೆಯ ಕೆಂಡದ ಮೇಲೆ ಬೂದಿ ಎಳೆದು ದಿಬ್ಬ ಮಾಡಿ ಇಡುತ್ತಾರಂತೆ. ಬೆಳಗ್ಗೆ ಬೂದಿ ಕೆದಕಿದರೆ ಕೆಂಡ ಹಾಗೇ ಇರುತ್ತದೆ, ಕಡ್ಡಿ ಗೀರುವುದೇ ಬೇಡ. ಇಂಗ್ಲಿಷಿನಲ್ಲಿ ಬೆಂಕಿಯನ್ನು ಬ್ಯಾಂಕ್ ಮಾಡುವುದು ಅಂದರೆ ನೂರಕ್ಕೆ ನೂರು ಅದೇ ಕೆಲಸ. ಇದನ್ನು ನಾನು ಯಾವ ನಿಘಂಟಿನಿಂದಲೂ ಅಷ್ಟು ಚೆನ್ನಾಗಿ ವಿವರಿಸಲು ಸಾಧ್ಯವಿರಲಿಲ್ಲ.

ವಿಮಾನದ ವಾಕ್ಯಕ್ಕೆ ರಸ್ತೆ ನೆನಪಿಸಿಕೊಳ್ಳಿ. ಆಗುಂಬೆ, ಶಿರಾಡಿ, ಚಾರ್ಮಾಡಿ ಯಾವ ಘಾಟಿಯಾದರೂ ಸರಿ. ತಿರುವಿನಲ್ಲಿ ರಸ್ತೆಯ ಹೊರಗಿನ ಅಂಚನ್ನು ಎತ್ತರಿಸಿರುತ್ತಾರೆ. ವಾಹನ ಹೊರಗೆ ಎಸೆದುಹೋಗದ ಹಾಗೆ ಅದು ತಡೆಯುತ್ತದೆ. ಆ ಎತ್ತರಿಸುವಿಕೆಗೆ ಬ್ಯಾಂಕಿಂಗ್ ಅಂತಾರೆ. ವಿಮಾನ ಆಕಾಶದಲ್ಲಿ ತಿರುಗುವಾಗ ಒಂದು ರೆಕ್ಕೆ ಎತ್ತಿ, ಒಂದು ರೆಕ್ಕೆ ತಗ್ಗಿಸಿ ಹಾಗೇ ಓರೆಯಾಗುತ್ತದೆ. ಮಂಗಳೂರಿಗೆ ಇಳಿಯುವ ವಿಮಾನ ಕಡಲಿನ ಮೇಲೆ ತಿರುಗುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಇದೂ ದಿಬ್ಬದ ಗುಂಪಿಗೇ ಸೇರಿತು, ದಿಬ್ಬದ ಇಳಿಜಾರಿನಿಂದ ಬಂದ ಅರ್ಥ.

ಉಳಿದವು ಹಣ, ರಕ್ತ, ಮತ, ಸ್ವಿಚ್ಚು, ನಂಬಿಕೆ. ರಕ್ತ ಮತ್ತು ಮತ ಎರಡೂ ಕೂಡಿಡುವ ವಸ್ತುಗಳು, ಹಾಗಾಗಿ ಹಣದ ಜೊತೆ ಹೋದವು. ಬ್ಯಾಂಕ್ ಆನ್ ಅಂದರೆ ಭರವಸೆ ಇಡುವುದು, ಹಣ ಇಟ್ಟ ಹಾಗೆ. ಅದೂ ಅಲ್ಲಿಗೇ. ಸ್ವಿಚ್ಚಿನ ಸಾಲು ಮಾತ್ರ ಎಲ್ಲಿಗೂ ಸೇರದೆ ಉಳಿಯಿತು. ಉಳಿದರೆ ಉಳಿಯಲಿ. ಹೊಂದದ್ದನ್ನು ಬಲವಂತವಾಗಿ ಸೇರಿಸಬೇಡಿ, ಮುಂದೆ ದಾರಿ ತೋರಿಸುವುದು ಹೆಚ್ಚಾಗಿ ಅದೇ.

ಒಂದು ಪದವೋ, ಒಂದೇ ವೇಷದ ಎರಡು ಪದವೋ?

ಈಗ ನಿಘಂಟು ತೆರೆಯಿರಿ. ಅರ್ಥಕ್ಕೆ ಕೈಹಾಕುವ ಮೊದಲು ಪದದ ತಲೆಯ ಪಕ್ಕ ಸಣ್ಣ ಅಂಕಿ ಇದೆಯಾ ನೋಡಿ. ಒಳ್ಳೆಯ ಇಂಗ್ಲಿಷ್ ನಿಘಂಟುಗಳಲ್ಲಿ ಬ್ಯಾಂಕ್ ಒಂದು ಸಲ ಬರುವುದಿಲ್ಲ. ಬ್ಯಾಂಕ್ 1, ಬ್ಯಾಂಕ್ 2 ಅಂತ ಬೇರೆ ಬೇರೆ ನಮೂದು ಇರುತ್ತದೆ. ಇವು ಬೇರೆ ಬೇರೆ ದಾರಿಯಿಂದ ಇಂಗ್ಲಿಷಿಗೆ ಬಂದ ಪದಗಳು ಅಂತ ಅದರ ಅರ್ಥ. ಒಂದೇ ನಮೂದಿನ ಒಳಗೆ ಸಾಲಾಗಿ ಬರುವ ಅಂಕಿಗಳು ಬೇರೆ. ಅವು ಒಂದೇ ಪದ ಒಡೆದ ಕವಲುಗಳು.

ಈ ವ್ಯತ್ಯಾಸವನ್ನು ಮಕ್ಕಳಿಗೆ ಇಂಗ್ಲಿಷಿನಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಕನ್ನಡದ ಕರೆ ಪದ ತೆಗೆದುಕೊಳ್ಳಿ. ಅಮ್ಮ ಊಟಕ್ಕೆ ಕರೆಯುತ್ತಾಳೆ. ಅಮ್ಮ ದನದ ಹಾಲು ಕರೆಯುತ್ತಾಳೆ. ಎರಡೂ ಕರೆಯುವುದೇ. ಕೂಗುವುದಕ್ಕೂ ಹಾಲು ಹಿಂಡುವುದಕ್ಕೂ ಏನಾದರೂ ಸಂಬಂಧ ಇದೆಯಾ? ಇಲ್ಲ. ಹಳೆಗನ್ನಡದಲ್ಲಿ ಇವು ಬೇರೆ ಬೇರೆ ಪದಗಳಾಗಿದ್ದವು. ಕೂಗುವುದು ಕರೆ, ಹಾಲು ಹಿಂಡುವುದು ಕಱೆ. ಆ ಱ ಅಕ್ಷರ ನಮ್ಮ ಬಳಕೆಯಿಂದ ಬಿಟ್ಟುಹೋಯಿತು. ಎರಡು ಪದಗಳು ಒಂದೇ ವೇಷ ಹಾಕಿಕೊಂಡವು. ತಮಿಳಿನಲ್ಲಿ ಹಾಲು ಹಿಂಡುವುದಕ್ಕೆ ಇವತ್ತಿಗೂ ಆ ಗಡುಸಾದ ಱ ಅಕ್ಷರವೇ ಇದೆ.

ಅದೇ ತುಳುವಿನ ಕರೆ ನೋಡಿ. ಹೊಳೆಯ ದಡವೂ ಕರೆ, ಕಂಬಳದ ಕೋಣಗಳು ಓಡುವ ಕೆಸರಿನ ಓಣಿಯೂ ಕರೆ. ಪಕ್ಕಪಕ್ಕ ಎರಡಿದ್ದರೆ ಜೋಡುಕರೆ. ಇಲ್ಲಿ ನಂಟು ಇರಬಹುದಾ ಅಂತ ಕೇಳಿಕೊಳ್ಳಬಹುದು, ಹುಡುಕಬಹುದು. ಕೂಗುವ ಕರೆ ಮತ್ತು ಹಾಲಿನ ಕರೆ ನಡುವೆ ಹುಡುಕಿ ಪ್ರಯೋಜನ ಇಲ್ಲ.

ಕನ್ನಡ ಪದಗಳ ಮೇಲೆ ಈ ಅಭ್ಯಾಸ ಮಾಡಲು ಕಿಟೆಲ್ ನಿಘಂಟಿಗಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಒಂದೇ ರೂಪದ ಪದಗಳನ್ನು ಅವರು ಬೇರೆ ಬೇರೆಯಾಗಿ ಅಂಕಿ ಹಾಕಿ ಕೊಟ್ಟಿದ್ದಾರೆ, ಱ ಇದ್ದ ಪದಕ್ಕೆ ಱ ಉಳಿಸಿದ್ದಾರೆ. ತುಳು ಪದಗಳಿಗೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದವರು ಆರು ಸಂಪುಟಗಳಲ್ಲಿ ತಂದ ತುಳು ನಿಘಂಟು ಇದೆ. ಲೈಬ್ರರಿಯಲ್ಲಿ ಇವನ್ನು ಕೇಳಿ ತೆಗೆಸಿ ನೋಡಿ. ಇಂಗ್ಲಿಷ್ ಪದದ ಮೂಲಕ್ಕಾದರೆ ಅಂತರ್ಜಾಲದಲ್ಲಿ ಪದಮೂಲ ಹೇಳುವ ನಿಘಂಟು ಉಚಿತವಾಗಿಯೇ ಸಿಗುತ್ತದೆ, ಫೋನಿನಲ್ಲೇ ಸಾಕು.

ಮೂಲದ ಸಾಲನ್ನು ಹಿಂದಿನಿಂದ ಓದಿ

ಅರ್ಥಗಳೆಲ್ಲ ಮುಗಿದ ಮೇಲೆ, ಕೆಲವು ನಿಘಂಟುಗಳಲ್ಲಿ ಅರ್ಥಕ್ಕಿಂತ ಮೊದಲೇ, ಒಂದು ಸಣ್ಣ ಸಾಲು ಇರುತ್ತದೆ. ಓಇ, ಓಎನ್, ಓಎಫ್ ಅಂತೆಲ್ಲ ಮೊಟಕು ಅಕ್ಷರ. ಹೆಚ್ಚಿನವರು ಇದನ್ನು ಹಾರಿಸಿ ಮುಂದೆ ಹೋಗುತ್ತಾರೆ. ಹಾರಿಸಬೇಡಿ. ಓಇ ಅಂದರೆ ಹಳೆ ಇಂಗ್ಲಿಷ್. ಓಎನ್ ಅಂದರೆ ಹಳೆ ನಾರ್ಸ್, ಅಂದರೆ ಉತ್ತರ ಯುರೋಪಿನಿಂದ ಕಡಲ ದಾರಿಯಲ್ಲಿ ದಾಳಿಗೆ, ವ್ಯಾಪಾರಕ್ಕೆ ಹೊರಟ ವೈಕಿಂಗರ ಭಾಷೆ. ಓಎಫ್ ಹಳೆ ಫ್ರೆಂಚ್. ಎಲ್ ಲ್ಯಾಟಿನ್. ಪದದ ಮುಂದೆ ನಕ್ಷತ್ರ ಇದ್ದರೆ ಆ ರೂಪ ಎಲ್ಲೂ ಬರಹದಲ್ಲಿ ಸಿಕ್ಕಿಲ್ಲ, ತಂಗಿ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಊಹಿಸಿದ್ದು ಅಂತ ತಿಳಿಯಬೇಕು.

ಈ ಸಾಲಿನಲ್ಲಿ ಹತ್ತಿರದ್ದು ಮೊದಲು, ದೂರದ್ದು ಕೊನೆಗೆ ಬರುತ್ತದೆ. ಹಾಗಾಗಿ ಕೊನೆಯಿಂದ ಶುರು ಮಾಡಿ ಈಚೆಗೆ ಬನ್ನಿ. ಆಗ ಕತೆ ಹೇಳಿದ ಹಾಗೆ ಓದಿಸಿಕೊಳ್ಳುತ್ತದೆ.

ನದಿಯ ಬ್ಯಾಂಕ್ ಇಂಗ್ಲಿಷಿಗೆ ಬಂದದ್ದು ವೈಕಿಂಗರ ಕಡೆಯಿಂದ, ಸುಮಾರು 1200ರ ಹೊತ್ತಿಗೆ. ಅವರ ಭಾಷೆಯಲ್ಲಿ ಅದಕ್ಕೆ ದಿಬ್ಬ, ಏರು ಅನ್ನುವ ಅರ್ಥ. ಹಣದ ಬ್ಯಾಂಕ್ ಬಂದದ್ದು 15ನೇ ಶತಮಾನದ ಕೊನೆಗೆ, ಇಟಲಿಯಿಂದ, ಫ್ರಾನ್ಸ್ ದಾಟಿ. ಇಟಲಿಯ ಬಾಂಕೊ, ಬಾಂಕಾ ಪದಗಳಿಗೆ ಬೆಂಚು, ಮೇಜು ಅಂತ ಅರ್ಥ. ನಾಣ್ಯ ಬದಲಿಸಿ ಕೊಡುವವರು ಪೇಟೆಯಲ್ಲಿ ಬೆಂಚು ಹಾಕಿ ಕೂರುತ್ತಿದ್ದರು. ಒಂದೊಂದು ಊರಿಗೆ ಒಂದೊಂದು ನಾಣ್ಯ ಇದ್ದ ಕಾಲ ಅದು. ಬೆಂಚಿನ ಹೆಸರೇ ವ್ಯವಹಾರದ ಹೆಸರಾಯಿತು. ಮೂರನೆಯದು ಹಳೆ ಫ್ರೆಂಚಿನ ಬಾಂಕ್. ಅದೂ ಬೆಂಚೇ. ದೊಡ್ಡ ಹಡಗಿನಲ್ಲಿ ಹುಟ್ಟು ಹಾಕುವವರು ಸಾಲಾಗಿ ಕೂರುತ್ತಿದ್ದ ಬೆಂಚು. ಅಲ್ಲಿಂದ ಹುಟ್ಟುಗಳ ಸಾಲಿಗೆ ಬ್ಯಾಂಕ್ ಅಂದರು, ಆಮೇಲೆ ಸಾಲಾಗಿ ಇರುವ ಯಾವ ಉಪಕರಣಕ್ಕೂ ಅಂದರು. ನಮ್ಮ ಹುಡುಗ ತಂದ ಸ್ವಿಚ್ಚಿನ ಸಾಲು ಕೊನೆಗೆ ಇಲ್ಲಿ ಬಂದು ಕೂತಿತು.

ಮೂರು ದಾರಿ ಆಯಿತು. ಇನ್ನೂ ಹಿಂದೆ ಹೋಗಿ. ಇಟಲಿಯವರಿಗೂ ಫ್ರೆಂಚರಿಗೂ ಈ ಪದ ಕೊಟ್ಟವರು ಉತ್ತರದಿಂದ ಇಳಿದು ಬಂದ ಜರ್ಮಾನಿಕ್ ಜನ. ವೈಕಿಂಗರ ಭಾಷೆಯೂ ಅದೇ ಮನೆತನದ್ದು. ಇಂಗ್ಲಿಷಿನ ಬೆಂಚ್ ಪದವೂ ಅದೇ ಬೇರಿನದ್ದು, ಅದು ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿದ ಮಗು. ಅಂದರೆ ಮೂರು ಬೇರೆ ದಾರಿಯಿಂದ ಇಂಗ್ಲಿಷಿಗೆ ಬಂದವರು ಹಿಂದೆ ಎಲ್ಲೋ ಒಂದೇ ಮನೆಯಿಂದ ಹೊರಟವರು.

ದಿಬ್ಬಕ್ಕೂ ಬೆಂಚಿಗೂ ಒಂದೇ ಪದ ಯಾಕೆ ಅಂತ ಕೇಳಬಹುದು. ನಾನೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಉತ್ತರ ಸಿಕ್ಕಿದ್ದು ಕನ್ನಡದಲ್ಲಿ.

ಕಟ್ಟೆ

ಕಟ್ಟೆ ಪದವನ್ನು ನಾವು ಎಲ್ಲೆಲ್ಲಿ ಬಳಸುತ್ತೇವೆ? ಕೆರೆಯ ಕಟ್ಟೆ ಅಂದರೆ ನೀರು ನಿಲ್ಲಿಸಲು ಹಾಕಿದ ಮಣ್ಣಿನ ಏರಿ. ಅಶ್ವತ್ಥ ಕಟ್ಟೆ ಅಂದರೆ ಮರದ ಸುತ್ತ ಎತ್ತರಿಸಿ ಕಟ್ಟಿದ ಜಾಗ, ಸಂಜೆ ಜನ ಕೂತು ಮಾತಾಡುವಲ್ಲಿ. ಜಾತ್ರೆಯ ಸಮಯ ದೇವರು ಸವಾರಿ ಹೊರಟಾಗ ಕೂರುವ ಕಟ್ಟೆಗೆ ಕಟ್ಟೆಪೂಜೆ. ಇನ್ನು ಸುಂಕದ ಕಟ್ಟೆ. ದಾರಿಯಲ್ಲಿ ಕೂತು ಸುಂಕ ವಸೂಲಿ ಮಾಡುತ್ತಿದ್ದ ಜಾಗ. ಮಂಗಳೂರಿನ ಬಜಪೆ ಹತ್ತಿರ ಆ ಹೆಸರಿನ ಊರೇ ಇದೆ, ಆ ಹೆಸರಿನ ಯಕ್ಷಗಾನ ಮೇಳವೂ ಇದೆ.

ಮಣ್ಣಿನ ಏರಿ, ಕೂರುವ ಜಾಗ, ಹಣ ಎಣಿಸುವ ಜಾಗ. ಮೂರಕ್ಕೂ ಕಟ್ಟೆ. ಬ್ಯಾಂಕ್ ನಡೆದ ದಾರಿಯೂ ಇದೇ ಅಲ್ವಾ? ಎತ್ತರವಾದ, ಮೇಲೆ ಚಪ್ಪಟೆಯಾದ ದಿಬ್ಬ ಕಂಡರೆ ಮನುಷ್ಯ ಅದರ ಮೇಲೆ ಕೂರುತ್ತಾನೆ. ಕೂತಲ್ಲಿ ವ್ಯವಹಾರ ಶುರುವಾಗುತ್ತದೆ. ಯುರೋಪಿನಲ್ಲಿ ಆದದ್ದು ನಮ್ಮಲ್ಲೂ ಆಗಿದೆ, ಯಾರೂ ಯಾರಿಂದಲೂ ಸಾಲ ತೆಗೆದುಕೊಳ್ಳದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಕಟ್ಟೆ ಮತ್ತು ಬ್ಯಾಂಕ್ ಒಂದೇ ಮೂಲದ ಪದಗಳು ಅಲ್ಲ. ಕಟ್ಟೆ ಕಟ್ಟು ಅನ್ನುವ ನಮ್ಮ ಕ್ರಿಯಾಪದದಿಂದ ಬಂದದ್ದು. ಅರ್ಥ ಬೆಳೆದ ದಾರಿ ಮಾತ್ರ ಒಂದೇ ಥರ. ಆದರೆ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ಹಾಗಾಗಿ ಇದನ್ನು ನಾನು ಒಂದು ಹೆಜ್ಜೆಯಾಗಿಯೇ ಮಾಡಿಕೊಂಡಿದ್ದೇನೆ: ಇಂಗ್ಲಿಷ್ ಪದದ ಎರಡು ಅರ್ಥಗಳಿಗೆ ನಂಟು ಕಾಣದಿದ್ದರೆ, ಅದೇ ಎರಡು ಅರ್ಥ ಇರುವ ಪದ ನಮ್ಮ ಭಾಷೆಗಳಲ್ಲಿ ಇದೆಯಾ ಹುಡುಕಿ.

ಹಾಗೆ ಹುಡುಕಿದಾಗ ಇನ್ನೊಂದು ಸಿಕ್ಕಿತು. ಕೊಂಕಣಿ ಮಾತಾಡುವ ಹುಡುಗಿ ಪಟ್ಟಿ ನೋಡಿ, "ನಮ್ಮಲ್ಲಿ ಬಾಂಕ್ ಅಂದ್ರೆ ಬೆಂಚೇ ಅಲ್ವಾ ಟೀಚರ್" ಅಂದಳು. ಹೌದು. ಪೋರ್ಚುಗೀಸರ ಬಾಂಕೊ ಗೋವೆಯ ಕೊಂಕಣಿಗೆ ಬೆಂಚಾಗಿಯೇ ಬಂತು, ಹಾಗೇ ಉಳಿಯಿತು. ಪೋರ್ಚುಗಲ್ಲಿನಲ್ಲಿ ಇವತ್ತಿಗೂ ಬೆಂಚಿಗೂ ಬಾಂಕೊ, ಹಣದ ಬ್ಯಾಂಕಿಗೂ ಬಾಂಕೊ. ಇಂಗ್ಲಿಷ್ ಮರೆತ ಹಳೆಯ ಅರ್ಥ ನಮ್ಮ ಪಕ್ಕದ ಮನೆಯಲ್ಲೇ ಇತ್ತು.

ಬೆಂಚಿನ ನೆಂಟರು

ಮೂಲ ಗೊತ್ತಾದ ಮೇಲೆ ಅದೇ ಬೇರಿನ ಬೇರೆ ಪದಗಳನ್ನು ಹುಡುಕಿ. ಒಂದು ಪದಕ್ಕೆ ಪಟ್ಟ ಕಷ್ಟಕ್ಕೆ ಐದು ಪದ ಸಿಗುತ್ತದೆ.

ಎಂಬ್ಯಾಂಕ್‌ಮೆಂಟ್ ಅಂದರೆ ಏರಿ, ಒಡ್ಡು. ಇದು ದಿಬ್ಬದ ಕಡೆಯದ್ದು. ಬ್ಯಾಂಕ್ವೆಟ್ ಅಂದರೆ ಔತಣ, ಮೂಲದಲ್ಲಿ ಸಣ್ಣ ಬೆಂಚು. ಮದುವೆ ಹಾಲಿಗೆ ಹೋದಾಗ ಬೋರ್ಡು ನೋಡಿ. ಬ್ಯಾಂಕ್ರಪ್ಟ್ ಅಂದರೆ ದಿವಾಳಿ, ಇಟಲಿಯ ಬಾಂಕಾ ರೊಟ್ಟಾ, ಮುರಿದ ಬೆಂಚು. ನಮ್ಮ ಹಿರಿಯರು ಇದಕ್ಕೆ ಪಾಪರ್ ಆದ ಅನ್ನುತ್ತಿದ್ದರು. ಆ ಪಾಪರ್ ಕೂಡ ಇಂಗ್ಲಿಷಿನಿಂದ ಬಂದದ್ದು, ಅದರ ಹಿಂದೆ ಬಡವ ಅನ್ನುವ ಅರ್ಥದ ಲ್ಯಾಟಿನ್ ಪದ ಇದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೌಂಟಿಬ್ಯಾಂಕ್. ಬೆಂಚು ಹತ್ತಿದವನು ಅಂತ ಅಕ್ಷರದ ಅರ್ಥ. ಸಂತೆಯಲ್ಲಿ ಬೆಂಚಿನ ಮೇಲೆ ನಿಂತು, ಸರ್ವರೋಗಕ್ಕೂ ಒಂದೇ ಮದ್ದು ಅಂತ ಕೂಗಿ ಮಾರುವವನು. ಈಗ ಮೋಸಗಾರ ಅನ್ನುವ ಅರ್ಥದಲ್ಲಿ ಬಳಸುತ್ತಾರೆ. ಕೋರ್ಟಿನ ಬೆಂಚನ್ನೂ ಮರೆಯಬೇಡಿ. ಹೈಕೋರ್ಟಿನ ಧಾರವಾಡ ಬೆಂಚ್ ಅಂತ ಇಂಗ್ಲಿಷಿನಲ್ಲಿ, ಧಾರವಾಡ ಪೀಠ ಅಂತ ಕನ್ನಡದಲ್ಲಿ. ಎರಡರಲ್ಲೂ ಕೂರುವ ಜಾಗವೇ ನ್ಯಾಯಾಧೀಶರಿಗೆ ಹೆಸರಾಗಿದೆ.

ವರ್ಷ ನೋಡಿ, ಕತೆಗೆ ಮರುಳಾಗಬೇಡಿ

ಒಳ್ಳೆಯ ನಿಘಂಟು ಪ್ರತಿ ಅರ್ಥಕ್ಕೂ ಒಂದು ವರ್ಷ ಕೊಡುತ್ತದೆ. ಆ ಅರ್ಥದಲ್ಲಿ ಪದ ಬರಹದಲ್ಲಿ ಮೊದಲು ಸಿಕ್ಕಿದ ವರ್ಷ ಅದು, ಹುಟ್ಟಿದ ವರ್ಷ ಅಲ್ಲ. ಬಾಯಿಮಾತಿನಲ್ಲಿ ಅದಕ್ಕೂ ಮೊದಲೇ ಇದ್ದಿರಬಹುದು. ದೊಡ್ಡ ಆಕ್ಸ್‌ಫರ್ಡ್ ನಿಘಂಟಿನ ಮೊದಲ ಕಂತು 1884ರಲ್ಲಿ ಬಂತು, ಕೊನೆಯದು 1928ರಲ್ಲಿ. ಹಳೆಯ ಪುಸ್ತಕಗಳನ್ನು ಓದಿ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಕಳಿಸಿದವರಲ್ಲಿ ತುಂಬ ಮಂದಿ ಸಂಬಳ ಇಲ್ಲದ ಓದುಗರು. ನಿಮ್ಮ ನೋಟ್‌ಬುಕ್ಕಿನ ಕೆಲಸ ಅವರು ಮಾಡಿದ ಕೆಲಸದ್ದೇ ಜಾತಿ.

ವರ್ಷಗಳನ್ನು ಸಾಲಾಗಿ ಇಟ್ಟರೆ ಯಾವ ಅರ್ಥ ಹಿರಿಯದು, ಯಾವುದು ಕಿರಿಯದು ಅಂತ ಕಾಣುತ್ತದೆ. ಬ್ಲಡ್ ಬ್ಯಾಂಕ್ 1937ರದ್ದು, ಶಿಕಾಗೋದ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಬರ್ನಾರ್ಡ್ ಫ್ಯಾಂಟಸ್ ಇಟ್ಟ ಹೆಸರು. ವೋಟ್ ಬ್ಯಾಂಕ್ ಅನ್ನುವ ಮಾತು ಬಂದದ್ದು ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರಿಂದ. ಮೈಸೂರು ಸೀಮೆಯ ಒಂದು ಹಳ್ಳಿಯ ಬಗ್ಗೆ 1955ರಲ್ಲಿ ಬರೆದ ಲೇಖನದಲ್ಲಿ ಅವರು ಅದನ್ನು ಬಳಸಿದರು. ಇವತ್ತು ದೇಶವಿಡೀ ಹೇಳುವ ಇಂಗ್ಲಿಷ್ ಮಾತು ಕನ್ನಡದ ಹಳ್ಳಿಯೊಂದರಿಂದ ಹೊರಟದ್ದು ಅಂದಾಗ ಮಕ್ಕಳ ಮುಖ ಅರಳಿತು.

ಈ ಹೊತ್ತಿಗೆ ನಿಮಗೆ ಫೋನಿನಲ್ಲಿ ಚಂದದ ಕತೆಗಳು ಬರಲು ಶುರುವಾಗುತ್ತವೆ. ಶ್ರೀಮಂತ ಠೀವಿಯ ಅನ್ನುವ ಅರ್ಥದ ಪಾಶ್ ಪದದ್ದು ನೋಡಿ. ಇಂಗ್ಲೆಂಡಿನಿಂದ ಭಾರತಕ್ಕೆ ಹಡಗಿನಲ್ಲಿ ಬರುವಾಗ ಶ್ರೀಮಂತರು ಬಿಸಿಲು ತಪ್ಪಿಸಲು ಎಡಬದಿಯ ಕೋಣೆ ಹಿಡಿಯುತ್ತಿದ್ದರಂತೆ, ವಾಪಸ್ಸು ಹೋಗುವಾಗ ಬಲಬದಿಯದ್ದು. ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್. ಅದರ ಮೊದಲ ಅಕ್ಷರಗಳು ಸೇರಿ ಪಾಶ್, ಟಿಕೆಟಿನ ಮೇಲೆ ಹಾಗೆ ಮುದ್ರೆ ಒತ್ತುತ್ತಿದ್ದರು ಅಂತ. ಅಂಥ ಮುದ್ರೆಯ ಒಂದು ಟಿಕೆಟ್ಟೂ ಸಿಕ್ಕಿಲ್ಲ. ಮೊದಲ ಅಕ್ಷರಗಳನ್ನು ಸೇರಿಸಿ ಪದ ಮಾಡುವುದು ಜಾಸ್ತಿಯಾದದ್ದು 20ನೇ ಶತಮಾನದಲ್ಲಿ. ಅದಕ್ಕಿಂತ ಹಳೆಯ ಪದಕ್ಕೆ ಇಂಥ ಕತೆ ಯಾರಾದರೂ ಹೇಳಿದರೆ ನಂಬುವ ಮೊದಲು ನಿಘಂಟು ನೋಡಿ. ಮುರಿದ ಬೆಂಚಿನದ್ದೂ ಹಾಗೆಯೇ. ಪದದ ಅರ್ಥ ಮುರಿದ ಬೆಂಚು ಅನ್ನುವುದು ಖಂಡಿತ. ಸಾಲ ಕೊಟ್ಟವರು ಬಂದು ನಿಜವಾಗಿ ಬೆಂಚು ಒಡೆದು ಹಾಕುತ್ತಿದ್ದರು ಅನ್ನುವ ಕತೆಯನ್ನು ಕತೆಯಾಗಿಯೇ ಇಟ್ಟುಕೊಳ್ಳಬೇಕು.

ನಿಮ್ಮ ಊರು ಕೊಟ್ಟ ಅರ್ಥವನ್ನೂ ಬರೆಯಿರಿ

ಇದನ್ನು ಯಾವ ಇಂಗ್ಲಿಷ್ ಮೇಷ್ಟ್ರೂ ಹೇಳಿಕೊಡುವುದಿಲ್ಲ, ಆದರೆ ನನಗೆ ಮುಖ್ಯ. ಪದ ನಮ್ಮ ಊರಿಗೆ ಬಂದ ಮೇಲೆ ಏನಾಯಿತು?

ಪಿಗ್ಮಿ ಪದ ತೆಗೆದುಕೊಳ್ಳಿ. ಗ್ರೀಕಿನಲ್ಲಿ ಪಿಗ್ಮೆ ಅಂದರೆ ಮುಷ್ಟಿ. ಮೊಣಕೈಯಿಂದ ಮುಷ್ಟಿಯ ಗೆಣ್ಣಿನವರೆಗಿನ ಅಳತೆಗೂ ಅದೇ ಹೆಸರು. ನಾವು ಹೂವು ಅಳೆಯುವ ಮೊಳ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. ಅವರದ್ದು ಸ್ವಲ್ಪ ಗಿಡ್ಡ ಮೊಳ. ಅಷ್ಟೇ ಎತ್ತರದ ಜನರು ಇದ್ದಾರೆ ಅಂತ ಗ್ರೀಕರ ಪುರಾಣದ ಕತೆ. ಅಲ್ಲಿಂದ ಇಂಗ್ಲಿಷಿನಲ್ಲಿ ಕುಳ್ಳ, ತೀರಾ ಸಣ್ಣದು ಅನ್ನುವ ಅರ್ಥ ಬಂತು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಸಂಸ್ಥೆಯವರು ದಿನಕ್ಕೆ ಎರಡಾಣೆ ಉಳಿಸುವ ಯೋಜನೆ ತಂದರು. ಏಜೆಂಟರು ಮನೆಬಾಗಿಲಿಗೆ, ಅಂಗಡಿಗೆ ಬಂದು ಹಣ ತೆಗೆದುಕೊಂಡು ಹೋಗುತ್ತಿದ್ದರು. ಸಣ್ಣ ಉಳಿತಾಯ ಅಂತ ಅದಕ್ಕೆ ಪಿಗ್ಮಿ ಅಂದರು. ಇವತ್ತು ಕರಾವಳಿಯಲ್ಲಿ ಪಿಗ್ಮಿ ಕಟ್ಟುವುದು ಅಂದರೆ ಬೀಡಿ ಕಟ್ಟುವ ಹೆಂಗಸಿಗೂ, ಮೀನು ಮಾರುವವರಿಗೂ ಗೊತ್ತು. ಗ್ರೀಕರ ಮುಷ್ಟಿ ಉಡುಪಿಯಲ್ಲಿ ಉಳಿತಾಯದ ಹೆಸರಾಯಿತು. ಹೊರಗಿನ ನಿಘಂಟಿನಲ್ಲಿ ಈ ಅರ್ಥ ಹುಡುಕಿದರೆ ಸಿಗಲಿಕ್ಕಿಲ್ಲ, ಹಾಗಾಗಿ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಬೇಕು.

ಸಣ್ಣ ಹಣ ಅಂದಾಗ ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕಿನದ್ದೂ ನೆನಪಾಗುತ್ತದೆ. ಮೊದಲ ದಿನ ಅಲ್ಲಿ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. ಬೆಂಚಿನ ಮೇಲೆ ಎಣಿಸಿ ಇಡಬಹುದಾದಷ್ಟೇ ಹಣ.

ಈಗ ನೀವೇ ಮಾಡಿ: ಪೋರ್ಟ್

ಅಭ್ಯಾಸಕ್ಕೆ ಪೋರ್ಟ್ ಪದ ಕೊಡುತ್ತೇನೆ. ಮಂಗಳೂರಿನ ಹೊಸ ಬಂದರು ಇರುವ ಪಣಂಬೂರಿನ ಹತ್ತಿರ ಓಡಾಡುವವರಿಗೆ ದಿನಾ ಕಾಣುವ ಪದ. ವಾಕ್ಯ ಕೂಡಿಸುವ ಕೆಲಸ ನಿಮ್ಮದು. ಬಂದರು, ಹಡಗಿನ ಎಡಬದಿ, ಕಂಪ್ಯೂಟರಿಗೆ ವಯರು ಸಿಕ್ಕಿಸುವ ತೂತು, ಒಂದು ಬಗೆಯ ವೈನು, ಮೊಬೈಲ್ ನಂಬರ್ ಪೋರ್ಟ್ ಮಾಡುವುದು. ಇಷ್ಟಾದರೂ ಸಿಗುತ್ತದೆ.

ದಾರಿ ತಪ್ಪದ ಹಾಗೆ ಕೆಲವು ಗುರುತು ಹೇಳಿಬಿಡುತ್ತೇನೆ. ಲ್ಯಾಟಿನ್ನಿನಲ್ಲಿ ಮೂರು ಪದ ಹುಡುಕಿ: ಪೋರ್ಟುಸ್ ಅಂದರೆ ಬಂದರು, ಪೋರ್ಟಾ ಅಂದರೆ ಬಾಗಿಲು, ಪೋರ್ಟಾರೆ ಅಂದರೆ ಹೊರುವುದು. ಕಂಪ್ಯೂಟರಿನ ತೂತು ಬಾಗಿಲಿನ ಕಡೆಯದ್ದು. ರೈಲ್ವೆ ಸ್ಟೇಷನ್ನಿನ ಪೋರ್ಟರ್, ಆಮದು ರಫ್ತಿನ ಇಂಪೋರ್ಟ್ ಎಕ್ಸ್‌ಪೋರ್ಟ್ ಎಲ್ಲ ಹೊರುವ ಕಡೆಯವು. ವೈನಿಗೆ ಪೋರ್ಚುಗಲ್ಲಿನ ಒಪೋರ್ಟೊ ಊರಿನ ಹೆಸರು. ಹಡಗಿನ ಎಡಬದಿಗೆ ಮೊದಲು ಲಾರ್‌ಬೋರ್ಡ್ ಅನ್ನುತ್ತಿದ್ದರು. ಬಲಬದಿ ಸ್ಟಾರ್‌ಬೋರ್ಡ್. ಗಾಳಿಯಲ್ಲಿ ಕೂಗಿದರೆ ಎರಡೂ ಒಂದೇ ಥರ ಕೇಳಿಸುತ್ತಿತ್ತು. 1844ರಲ್ಲಿ ಬ್ರಿಟಿಷ್ ನೌಕಾಪಡೆ ಎಡಕ್ಕೆ ಪೋರ್ಟ್ ಅಂತಲೇ ಹೇಳಬೇಕು ಅಂತ ಆಜ್ಞೆ ಮಾಡಿತು. ಹಳೆಯ ಹಡಗುಗಳಲ್ಲಿ ಚುಕ್ಕಾಣಿಯ ಹುಟ್ಟು ಬಲಬದಿಗೆ ಇರುತ್ತಿತ್ತು, ಹಾಗಾಗಿ ದಕ್ಕೆಗೆ ತಾಗಿಸಿ ನಿಲ್ಲಿಸುವುದು ಎಡಬದಿಯನ್ನು. ಆಪರ್ಚುನಿಟಿ ಪದವನ್ನೂ ಬಿಡಬೇಡಿ, ಅದರೊಳಗೂ ಬಂದರು ಇದೆ. ಬಂದರಿನ ಕಡೆಗೆ ಬೀಸುವ ಅನುಕೂಲದ ಗಾಳಿ ಅಂತ ಮೂಲದ ಅರ್ಥ. ಮಲ್ಪೆಯ ಮೀನುಗಾರರಿಗೆ ಹೇಳಿದರೆ ತಕ್ಷಣ ಅರ್ಥವಾಗುತ್ತದೆ.

ಕೊನೆಗೆ ಬಾಗಿಲಿಗೂ ಬಂದರಿಗೂ ಏನು ಸಂಬಂಧ ಅನ್ನುವ ಪ್ರಶ್ನೆ ಉಳಿಯುತ್ತದೆ. ಲ್ಯಾಟಿನ್ನಿನ ಪೋರ್ಟಾ ಮತ್ತು ಪೋರ್ಟುಸ್ ಒಂದೇ ಬೇರಿನವು, ದಾಟಿ ಹೋಗುವುದು ಅನ್ನುವ ಅರ್ಥದ ಬೇರು. ಇದು ಮನಸ್ಸಿಗೆ ಇಳಿಯದಿದ್ದರೆ ಮಂಗಳೂರಿನ ಹಳೆ ಬಂದರಿಗೆ ಹೋಗಿ. ನೇತ್ರಾವತಿ, ಗುರುಪುರ ನದಿಗಳು ಸೇರಿ ಕಡಲಿಗೆ ಬೀಳುವ ಜಾಗವನ್ನು ತೋರಿಸಿ, ಬೋಟುಗಳು ಒಳಗೆ ಹೊರಗೆ ಹೋಗಿ ಬರುವ ಆ ಜಾಗಕ್ಕೆ ಏನು ಹೇಳುತ್ತೀರಿ ಅಂತ ಬೋಟಿನವರನ್ನು ಕೇಳಿ. ಅಳಿವೆ ಬಾಗಿಲು ಅನ್ನುತ್ತಾರೆ.